ಚುಕ್ಕೆ ಗುರುತು: ಸದನದ ದಿನಚರಿ ಮತ್ತು ಕುಂದಾಪುರ ಸೀಮೆಯ ಕನ್ನಡ

ಲೋಕಸಭೆಯ ಚರ್ಚೆಗಳ ಮುದ್ರಿತ ಸಂಪುಟಗಳಲ್ಲಿ ನಕ್ಷತ್ರದ ಒಂದೇ ಚಿಹ್ನೆ ಮೂರು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ. ಪ್ರಶ್ನೆಯ ಸಂಖ್ಯೆಯ ಹಿಂದೆ ಅದು ಬಂದರೆ, ಆ ಪ್ರಶ್ನೆಗೆ ಸಚಿವರು ಎದ್ದುನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು ಎಂದರ್ಥ. ಮಾತಿನ ನಡುವೆ ಬಂದರೆ, ಅಲ್ಲಿದ್ದ ಪದಗಳನ್ನು ಪೀಠದ ಆದೇಶದ ಮೇರೆಗೆ ಕಡತದಿಂದ ತೆಗೆಯಲಾಗಿದೆ ಎಂದರ್ಥ. ಕಾರ್ಯವಿಧಾನ ನಿಯಮಗಳಲ್ಲಿ 380ನೆಯದು ತೆಗೆಯುವ ಅಧಿಕಾರವನ್ನೂ 381ನೆಯದು ತೆಗೆದ ಜಾಗವನ್ನು ನಕ್ಷತ್ರಗಳಿಂದ ಗುರುತಿಸುವ ಕ್ರಮವನ್ನೂ ಹೇಳುತ್ತವೆ. ಮೂರನೆಯ ಕೆಲಸ ನಮಗೆ ಹೆಚ್ಚು ಸಂಬಂಧಿಸಿದ್ದು. ಸದಸ್ಯರೊಬ್ಬರು ಕನ್ನಡದಲ್ಲಿ ಮಾತನಾಡಿದ್ದರೆ ನಕ್ಷತ್ರವೊಂದು ಓದುಗರನ್ನು ಪುಟದ ಅಡಿಗೆ ಕಳುಹಿಸುತ್ತದೆ. ಮೇಲಿರುವುದು ಮೂಲತಃ ಕನ್ನಡದಲ್ಲಿ ಮಾಡಿದ ಭಾಷಣದ ಇಂಗ್ಲಿಷ್ ಅನುವಾದ ಎಂಬ ಟಿಪ್ಪಣಿ ಅಲ್ಲಿರುತ್ತದೆ. ಮೂಲ ಎಲ್ಲಿದೆ ಎಂದು ಕೇಳಿದರೆ ಆ ಸಂಪುಟದಲ್ಲಿ ಉತ್ತರವಿಲ್ಲ.

ಕಡತದಿಂದ ತೆಗೆದ ಮಾತಿಗೂ ಕಡತಕ್ಕೆ ಬಾರದೆ ಹೋದ ಕನ್ನಡಕ್ಕೂ ಒಂದೇ ಚಿಹ್ನೆ ಸಂದಿರುವುದು ಮುದ್ರಣದ ಆಕಸ್ಮಿಕವಷ್ಟೆ. ಆದರೆ ಆ ಆಕಸ್ಮಿಕದ ಹಿಂದೆ ಒಂದು ಚರಿತ್ರೆಯಿದೆ. ಶಾಸನಸಭೆಯ ದೈನಂದಿನ ಕಲಾಪದಲ್ಲಿ ತಾಯ್ನುಡಿಗೆ ಯಾವ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು, ಆ ಷರತ್ತು ಯಾವ ಬಗೆಯ ಮಾತನ್ನು ಒಳಗೆ ಬಿಟ್ಟು ಯಾವುದನ್ನು ಹೊರಗಿಟ್ಟಿತು ಎಂಬುದು ಆ ಚರಿತ್ರೆಯ ತಿರುಳು. ಪ್ರಸ್ತುತ ಲೇಖನದಲ್ಲಿ ನಾವು ಅದನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಕಡೆಯಿಂದ ನೋಡಲು ಯತ್ನಿಸುತ್ತೇವೆ. ಬೆಂಗಳೂರಿನಿಂದ ನೋಡಿದರೆ ಸದನದ ಕನ್ನಡದ ಕಥೆ ಏರುಗತಿಯ ಒಂದೇ ಗೆರೆಯಂತೆ ಕಾಣುತ್ತದೆ. ಕುಂದಾಪುರದಿಂದ ನೋಡಿದಾಗ ಅದು ಹಾಗೆ ಕಾಣುವುದಿಲ್ಲ. ಈ ಸೀಮೆ ಸದನದಿಂದ ಸದನಕ್ಕೆ ಹಸ್ತಾಂತರಗೊಂಡ ಸೀಮೆ, ಮತ್ತು ಇಲ್ಲಿಯ ಆಡುಮಾತು ಸದನದ ಕನ್ನಡದಿಂದ ಸಾಕಷ್ಟು ದೂರದಲ್ಲಿರುವ ಮಾತು.

ಅಸಾಮರ್ಥ್ಯದ ಷರತ್ತು

1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿದಾಗ ಕುಂದಾಪುರ ತಾಲ್ಲೂಕು ಮದ್ರಾಸಿನಲ್ಲಿಯೇ ಉಳಿಯಿತು. ಹೀಗಾಗಿ 1881ರಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಗಿ, ರೈತರ ಮತ್ತು ವರ್ತಕರ ಅಹವಾಲುಗಳು ಕನ್ನಡದಲ್ಲಿ ಸಭೆಯ ಮುಂದೆ ಬರುವ ಒಂದು ಪರಂಪರೆ ಅಲ್ಲಿ ಬೆಳೆಯುತ್ತಿದ್ದಾಗ, ಘಟ್ಟದ ಕೆಳಗಿನ ಈ ಕನ್ನಡಿಗರಿಗೆ ಅದರಲ್ಲಿ ಪಾಲಿರಲಿಲ್ಲ. ಅವರ ಸದನ ಮದ್ರಾಸಿನದು. 1935ರ ಭಾರತ ಸರ್ಕಾರ ಕಾಯಿದೆಯ 85ನೆಯ ಪ್ರಕರಣದ ಪ್ರಕಾರ ಪ್ರಾಂತೀಯ ಶಾಸನಸಭೆಯ ಎಲ್ಲ ನಡವಳಿಗಳೂ ಇಂಗ್ಲಿಷಿನಲ್ಲಿ ನಡೆಯಬೇಕು. ಇಂಗ್ಲಿಷ್ ಬಾರದ ಅಥವಾ ಸಾಕಷ್ಟು ಬಾರದ ವ್ಯಕ್ತಿಗಳು ಬೇರೆ ಭಾಷೆಯನ್ನು ಬಳಸಲು ಸಭೆಯ ನಿಯಮಗಳಲ್ಲಿ ಅನುಕೂಲವಿರಬೇಕು. ತಾಯ್ನುಡಿ ಇಲ್ಲಿ ಹಕ್ಕಾಗಿ ಬರುವುದಿಲ್ಲ, ಕೊರತೆಯ ಪರಿಹಾರವಾಗಿ ಬರುತ್ತದೆ.

ಸ್ವಾತಂತ್ರ್ಯಾನಂತರ ಇಂಗ್ಲಿಷಿನ ಪಕ್ಕದಲ್ಲಿ ಹಿಂದಿ ಬಂದು ಕೂತಿತು. ವಾಕ್ಯದ ಕಟ್ಟು ಹಾಗೆಯೇ ಉಳಿಯಿತು. ಸಂವಿಧಾನದ 120ನೆಯ ಅನುಚ್ಛೇದದಂತೆ ಸಂಸತ್ತಿನ ಕಲಾಪ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ನಡೆಯತಕ್ಕದ್ದು. ಆ ಎರಡರಲ್ಲಿಯೂ ತಮ್ಮ ಅಭಿಪ್ರಾಯವನ್ನು ಸಮರ್ಪಕವಾಗಿ ತಿಳಿಸಲಾರದ ಸದಸ್ಯರಿಗೆ ತಾಯ್ನುಡಿಯಲ್ಲಿ ಮಾತನಾಡಲು ಸಭಾಪತಿ ಅಥವಾ ಸಭಾಧ್ಯಕ್ಷರು ಅನುಮತಿ ನೀಡಬಹುದು. ರಾಜ್ಯಗಳಿಗೆ ಸಂಬಂಧಿಸಿದ 210ನೆಯ ಅನುಚ್ಛೇದದಲ್ಲಿ ರಾಜ್ಯದ ರಾಜಭಾಷೆ ಸೇರಿಕೊಂಡಿದೆ, ಅಷ್ಟೇ ವ್ಯತ್ಯಾಸ. ‘ಸಾಕಷ್ಟು ಬಾರದ’ ಎಂಬುದು ‘ಸಮರ್ಪಕವಾಗಿ ತಿಳಿಸಲಾರದ’ ಎಂದಾಯಿತು. 1935ರ ಕಾಯಿದೆಯಿಂದ ಸಂವಿಧಾನ ಪಡೆದ ವಸ್ತುಗಳ ಪಟ್ಟಿ ದೊಡ್ಡದು. ಅದರಲ್ಲಿ ಈ ನಿಷೇಧಾರ್ಥಕವೂ ಒಂದು ಎಂಬುದನ್ನು ಭಾಷಾಶಾಸ್ತ್ರಜ್ಞರು ಅಷ್ಟಾಗಿ ಗಮನಿಸಿದಂತಿಲ್ಲ.

1952ರ ಮದ್ರಾಸ್ ವಿಧಾನಸಭೆಯ ಸದಸ್ಯರ ಸಂಖ್ಯೆ 375. ತಮಿಳು, ತೆಲುಗು, ಮಲಯಾಳ ಸದಸ್ಯರ ನಡುವೆ ದಕ್ಷಿಣ ಕನ್ನಡ ಜಿಲ್ಲೆಯಿಂದ ಹೋದವರು ಬೆರಳೆಣಿಕೆಯವರು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1963ರ ರಾಜಭಾಷಾ ಅಧಿನಿಯಮದೊಂದಿಗೆ ಕನ್ನಡ ಆ ರಾಜ್ಯದ ರಾಜಭಾಷೆಯಾಯಿತು. 1930ರ ಸುಮಾರಿಗೆ ಗಂಗೊಳ್ಳಿಯಲ್ಲೋ ಬಾರಕೂರಿನಲ್ಲೋ ಹುಟ್ಟಿದ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಅವರ ಬಾಲ್ಯದಲ್ಲಿ ಅವರ ಮಾತಿಗೆ ಸದನದಲ್ಲಿ ಇಂಗ್ಲಿಷ್ ಬಾರದವರಿಗೆ ಕೊಡುವ ರಿಯಾಯಿತಿ ಸಿಗುತ್ತಿತ್ತು. ಯೌವನದಲ್ಲಿ ಸಂವಿಧಾನದ ರಿಯಾಯಿತಿ ಸಿಗುತ್ತಿತ್ತು. ಮೂವತ್ತು ದಾಟಿದ ಮೇಲೆ ಆ ಮಾತು ರಾಜಭಾಷೆ ಎನಿಸಿತು. ಊರು ಕದಲಲಿಲ್ಲ, ಮಾತೂ ಬದಲಾಗಲಿಲ್ಲ. ದೆಹಲಿಯ ಸದನಕ್ಕೆ ಹೋದರೆ ಮಾತ್ರ ಅದೇ ವ್ಯಕ್ತಿ ಮತ್ತೆ ರಿಯಾಯಿತಿಯ ಸಾಲಿನಲ್ಲಿ ನಿಲ್ಲಬೇಕಿತ್ತು.

ಈ ಷರತ್ತಿನ ಪರೀಕ್ಷೆ ನಡೆದದ್ದು 1967ರಲ್ಲಿ. ಶಿವಮೊಗ್ಗ ಕ್ಷೇತ್ರದಿಂದ ಸಂಯುಕ್ತ ಸಮಾಜವಾದಿ ಪಕ್ಷದ ಸದಸ್ಯರಾಗಿ ಆರಿಸಿಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದರು; ಸಭಾಧ್ಯಕ್ಷರಾಗಿದ್ದ ನೀಲಂ ಸಂಜೀವ ರೆಡ್ಡಿಯವರು ಅದಕ್ಕೆ ಅವಕಾಶವಿತ್ತರು. ಲೋಕಸಭೆಯಲ್ಲಿ ಕೇಳಿಬಂದ ಮೊದಲ ಕನ್ನಡ ಭಾಷಣ ಎಂದು ಅದು ಪ್ರಸಿದ್ಧವಾಗಿದೆ. ಈ ಘಟನೆಯನ್ನು ನಾಡಿನ ಅಭಿಮಾನದ ಕಥೆಯಾಗಿ ಹೇಳುವ ರೂಢಿ ನಮ್ಮಲ್ಲಿದೆ. ಅಭಿಮಾನ ಸಹಜವೇ. ಆದರೆ ಅದರಲ್ಲಿ ವ್ಯಾಕರಣದ ಒಂದು ಸ್ವಾರಸ್ಯವೂ ಇದೆ. ಪಟೇಲರು ಕಾನೂನು ಓದಿದವರು; ಇಂಗ್ಲಿಷಿನಲ್ಲಿ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಅನುಚ್ಛೇದದ ಇಂಗ್ಲಿಷ್ ಪಾಠ ಬಯಸುವ ‘ಅಸಾಮರ್ಥ್ಯ’ ಅವರಲ್ಲಿರಲಿಲ್ಲ. ಕನ್ನಡದಲ್ಲಿ ‘ಮಾತನಾಡಲಾರೆ’ ಎಂಬ ರೂಪವಾದರೋ ಸಾಮರ್ಥ್ಯದ ಅಭಾವವನ್ನೂ ಇಚ್ಛೆಯ ಅಭಾವವನ್ನೂ ಏಕಕಾಲಕ್ಕೆ ಹೇಳಬಲ್ಲದು. ‘ಅವನ ಮನೆಗೆ ನಾನು ಹೋಗಲಾರೆ’ ಎಂದವರ ಕಾಲಿನಲ್ಲಿ ಬಲವಿಲ್ಲ ಎಂದು ಯಾರೂ ತಿಳಿಯುವುದಿಲ್ಲ. ಪಟೇಲರು ಇಂಗ್ಲಿಷಿನಲ್ಲಿ ಮಾತನಾಡಲಾರದವರಾದದ್ದು ಈ ಎರಡನೆಯ ಅರ್ಥದಲ್ಲಿ. ಅಲ್ಲಿಂದ ಮುಂದೆ ಆಚರಣೆ ಕಾಯಿದೆಯ ಅಕ್ಷರವನ್ನು ಬಿಟ್ಟು ಕನ್ನಡದ ಆ ವಿಧ್ಯರ್ಥವನ್ನೇ ಅನುಸರಿಸಿದೆ ಎನ್ನಬಹುದು: ತಾಯ್ನುಡಿಯಲ್ಲಿ ಮಾತನಾಡುವ ಸದಸ್ಯರ ಇಂಗ್ಲಿಷನ್ನು ಈಗ ಯಾರೂ ತೂಗಿ ನೋಡುವುದಿಲ್ಲ.

2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಬೈಂದೂರು ವಿಧಾನಸಭಾ ಕ್ಷೇತ್ರ ಘಟ್ಟ ಹತ್ತಿ ಅದೇ ಶಿವಮೊಗ್ಗ ಲೋಕಸಭಾ ಕ್ಷೇತ್ರದ ಭಾಗವಾಯಿತು. ಕುಂದಾಪುರ ಉಡುಪಿ–ಚಿಕ್ಕಮಗಳೂರಿಗೆ ಸೇರಿತು. ಬ್ರಹ್ಮಾವರ ಎಂಬ ಹೆಸರಿನ ವಿಧಾನಸಭಾ ಕ್ಷೇತ್ರವೇ ಇಲ್ಲವಾಗಿ, ಅದರ ಊರುಗಳು ಕುಂದಾಪುರ ಮತ್ತು ಉಡುಪಿಗಳಿಗೆ ಹಂಚಿಹೋದವು. ಮುಂದೆ 2018ರಲ್ಲಿ ಬೈಂದೂರಿನಂತೆ ಬ್ರಹ್ಮಾವರವೂ ಪ್ರತ್ಯೇಕ ತಾಲ್ಲೂಕಾದದ್ದು ಬೇರೆ ಮಾತು. ಒಂದು ಉಪಭಾಷೆಯ ಜನ ಈಗ ದೆಹಲಿಗೆ ಇಬ್ಬರನ್ನು ಕಳುಹಿಸುತ್ತಾರೆ. ಆ ಇಬ್ಬರಲ್ಲಿ ಒಬ್ಬರ ಮತದಾರರ ಬಹುಪಾಲು ಮಲೆನಾಡಿನ ಮತ್ತು ಬಯಲುಸೀಮೆಯ ಕನ್ನಡದವರು. ಉಪಭಾಷೆಗಳ ಭೂಪಟಕ್ಕೂ ಚುನಾವಣೆಯ ಭೂಪಟಕ್ಕೂ ಸಂಬಂಧವಿರಬೇಕೆಂಬ ನಿಯಮವೇನೂ ಇಲ್ಲ. ಆದರೆ ಮುಂದೆ ಹೇಳಲಿರುವ ವಿಷಯಕ್ಕೆ ಈ ಹಿನ್ನೆಲೆ ಬೇಕು.

ಅರ್ಧ ಗಂಟೆ

ಲೋಕಸಭೆಯಲ್ಲಿ ಏಕಕಾಲಿಕ ಅನುವಾದ ಆರಂಭವಾದದ್ದು 1964ರ ಸೆಪ್ಟೆಂಬರ್ 7ರಂದು; ಅದು ಹಿಂದಿ ಮತ್ತು ಇಂಗ್ಲಿಷುಗಳ ನಡುವೆ ಮಾತ್ರ. ಪಟೇಲರು ಮಾತನಾಡಿದಾಗ ಕನ್ನಡದ ಅನುವಾದಕರು ಗಾಜಿನ ಕೋಣೆಯಲ್ಲಿರಲಿಲ್ಲ. ಆಮೇಲೆ ಇತರ ಭಾಷೆಗಳೊಂದಿಗೆ ಕನ್ನಡಕ್ಕೂ ವ್ಯವಸ್ಥೆಯಾಯಿತು. ಸದಸ್ಯರು ಕನ್ನಡದಲ್ಲಿ ಮಾತನಾಡುವ ಉದ್ದೇಶವನ್ನು ಅರ್ಧ ಗಂಟೆ ಮೊದಲು ಸಭಾಮೇಜಿನ ಅಧಿಕಾರಿಗೆ ತಿಳಿಸಬೇಕು. ಅನುವಾದಕರು ಬಂದು ಕೂರಲು ಅಷ್ಟು ಸಮಯ ಬೇಕು. ಆಡಳಿತದ ದೃಷ್ಟಿಯಿಂದ ಇದು ನಿರುಪದ್ರವಿ ನಿಯಮ. ಭಾಷಾಶಾಸ್ತ್ರದ ದೃಷ್ಟಿಯಿಂದ ಹಾಗಲ್ಲ.

ಬೆಳಿಗ್ಗೆ 11ರ ಪ್ರಶ್ನೋತ್ತರ ವೇಳೆಯನ್ನೇ ತೆಗೆದುಕೊಳ್ಳೋಣ. ದಿನವೊಂದಕ್ಕೆ ಪಟ್ಟಿಯಾಗುವ ಚುಕ್ಕೆ ಗುರುತಿನ ಪ್ರಶ್ನೆಗಳು 20. ಪ್ರಶ್ನೆಯ ಪಾಠ ಬಹಳ ದಿನ ಮೊದಲೇ ಲಿಖಿತವಾಗಿ ಸಲ್ಲಿಕೆಯಾಗಿ, ತಿದ್ದುಪಡಿಯಾಗಿ, ಮುದ್ರಣವಾಗಿರುತ್ತದೆ. ಉತ್ತರವೂ ಮೇಜಿನ ಮೇಲಿರುತ್ತದೆ. ಆ ಗಂಟೆಯಲ್ಲಿ ಹೊಸದಾಗಿ ಹುಟ್ಟುವ ಮಾತೆಂದರೆ ಉಪಪ್ರಶ್ನೆ ಮಾತ್ರ. ಸಚಿವರ ಉತ್ತರದಲ್ಲಿ ಎಲ್ಲಿ ಬಿರುಕಿದೆಯೋ ಅಲ್ಲಿಗೆ ತಟ್ಟನೆ ಕೈಹಾಕುವ ಆ ಮಾತು ಅರ್ಧ ಗಂಟೆಯ ಮೊದಲು ಯಾರ ಬಾಯಲ್ಲಿಯೂ ಸಿದ್ಧವಾಗಿರಲಾರದು. ಮಧ್ಯಪ್ರವೇಶ, ಕ್ರಿಯಾಲೋಪ, ಒಂದು ಚುಚ್ಚುಮಾತು, ಅದಕ್ಕೊಂದು ಎದುರುಮಾತು, ಇವೂ ಹಾಗೆಯೇ. ಹೀಗಾಗಿ ಪೂರ್ವಸೂಚನೆಯ ನಿಯಮ ಕನ್ನಡವನ್ನು ಬರೆದು ಓದುವ ಪ್ರಕಾರಗಳ ಕಡೆಗೆ ತಳ್ಳುತ್ತದೆ: 377ನೆಯ ನಿಯಮದಡಿ ಮೊದಲೇ ಅನುಮೋದನೆ ಪಡೆದ ಪಾಠ, ಶೂನ್ಯ ವೇಳೆಯ ಸಿದ್ಧ ಹೇಳಿಕೆ, ಆಯವ್ಯಯದ ಮೇಲಿನ ಭಾಷಣ. ಸದನದಲ್ಲಿ ಕನ್ನಡ ನಿವೇದನೆಯ ಭಾಷೆಯಾಗುತ್ತದೆ. ವಾಗ್ವಾದದ ಭಾಷೆಯಾಗುವುದು ಅದಕ್ಕೆ ಕಷ್ಟ. ಒಂದು ಭಾಷೆಯ ಜೀವ ಯಾವುದರಲ್ಲಿದೆ ಎಂದು ಕೇಳಿದರೆ ನಾವು ಎದುರುಮಾತಿನಲ್ಲಿ ಎಂದೇ ಹೇಳುತ್ತೇವೆ.

ಇತ್ತೀಚೆಗೆ ಪರಿಸ್ಥಿತಿ ಬದಲಾಗುತ್ತಿರುವುದನ್ನೂ ದಾಖಲಿಸಬೇಕು. 2018ರಲ್ಲಿ ರಾಜ್ಯಸಭೆ ಎಂಟನೆಯ ಪರಿಚ್ಛೇದದ 22 ಭಾಷೆಗಳಿಗೂ ಅನುವಾದದ ಸೌಲಭ್ಯವನ್ನು ವಿಸ್ತರಿಸಿತು. ಕುಂದಾಪುರ ಪೇಟೆಯ ಮತ್ತೊಂದು ಮನೆಮಾತಾದ ಕೊಂಕಣಿಗೆ ಅಲ್ಲಿ ಪ್ರವೇಶ ದೊರೆತದ್ದು ಆಗ. ಲೋಕಸಭೆಯಲ್ಲಿ ಈಗ ಕನ್ನಡದಿಂದ ಮಾತ್ರವಲ್ಲದೆ ಕನ್ನಡಕ್ಕೂ ಅನುವಾದ ಕೇಳಸಿಗುತ್ತದೆ. ಕೇಳುವ ಕನ್ನಡ ಹೀಗೆ ಬೆಳೆಯುತ್ತಿರುವಾಗ ಅಚ್ಚಾಗುವ ಕನ್ನಡದ ಪ್ರಶ್ನೆ ಇನ್ನಷ್ಟು ತೀವ್ರವಾಗುತ್ತದೆ.

ಒಂದು ಶಬ್ದವನ್ನು ಪರಿಶೀಲಿಸಬಹುದು. ಮರವಂತೆಯ ಹೊರಬಂದರಿನ ಬಗ್ಗೆಯೋ ನಾಡದೋಣಿಗಳ ಸೀಮೆಎಣ್ಣೆಯ ಬಗ್ಗೆಯೋ ಸದಸ್ಯರೊಬ್ಬರು ಕನ್ನಡದಲ್ಲಿ ಮಾತನಾಡುತ್ತಾರೆ ಎಂದುಕೊಳ್ಳೋಣ. ಕರಾವಳಿಯ ಕನ್ನಡದಲ್ಲಿ ‘ನಾಡದೋಣಿ’ ಎಂಬುದು ದೋಣಿಯ ಒಂದು ಜಾತಿಯ ಹೆಸರಷ್ಟೇ ಅಲ್ಲ. ಟ್ರಾಲ್ ಬೋಟು, ಪರ್ಸಿನ್ ಬೋಟುಗಳ ಎದುರು ನಿಲ್ಲುವ ಒಂದು ಪಕ್ಷ, ಒಂದು ಜೀವನಕ್ರಮ. ಇಂಗ್ಲಿಷಿನ ದಾಖಲೆಯಲ್ಲಿ ಅದು ‘ಸಾಂಪ್ರದಾಯಿಕ ದೋಣಿ’ ಎಂಬ ಅರ್ಥದ ಶಬ್ದವಾಗುತ್ತದೆ. ಸಚಿವಾಲಯದ ಉತ್ತರ ಆ ಇಂಗ್ಲಿಷ್ ಶಬ್ದಕ್ಕೆ ಬರುತ್ತದೆ, ಪತ್ರಿಕೆಗಳು ಆ ಉತ್ತರವನ್ನು ಕನ್ನಡಕ್ಕೆ ತರುತ್ತವೆ. ನಾಡದೋಣಿಯವರು ತಮ್ಮ ಬಗ್ಗೆ ಆಡಿದ ಮಾತನ್ನು ‘ಸಾಂಪ್ರದಾಯಿಕ ಮೀನುಗಾರರು’ ಎಂಬ ಹೆಸರಿನಲ್ಲಿ ಓದುತ್ತಾರೆ. ಮೊದಲ ಶಬ್ದ ಎಲ್ಲಿಯೂ ಅಚ್ಚಾಗಿರುವುದಿಲ್ಲ.

‘ವಳಿ’ಯ ಸಂಸಾರ

ದೆಹಲಿಯ ಮಾತು ಇಷ್ಟಕ್ಕೆ ಸಾಕು. ಬೆಂಗಳೂರಿನ ಸದನಗಳಲ್ಲಿ ಕನ್ನಡ ದಿನನಿತ್ಯದ ವ್ಯವಹಾರದ ಭಾಷೆ. ಅಲ್ಲಿ ಅದು ಒಂದು ಕಾರ್ಯವಿಧಾನ ಪರಿಭಾಷೆಯನ್ನು ಕಟ್ಟಿಕೊಂಡಿದೆ. ಆಡಳಿತ ಕನ್ನಡವೆಂದರೆ ಸಂಸ್ಕೃತದ ಹೊರೆ ಎಂಬ ದೂರು ಹಳೆಯದು. ವಿಧೇಯಕ, ಪರ್ಯಾಲೋಚನೆ, ಹಕ್ಕುಚ್ಯುತಿ, ಸಭಾತ್ಯಾಗ ಮೊದಲಾದವನ್ನು ನೋಡಿದರೆ ದೂರಿನಲ್ಲಿ ಹುರುಳಿದೆ. ಆದರೆ ಅತಿ ಹೆಚ್ಚು ಬಳಕೆಯ ಕೆಲವು ಶಬ್ದಗಳು ಬೇರೆ ಕಡೆಯಿಂದ ಬಂದಿವೆ, ಮತ್ತು ಅವು ಎಲ್ಲಿಂದ ಬಂದವು ಎಂಬುದು ಚರಿತ್ರೆಯ ಪ್ರಶ್ನೆ.

‘ನಡವಳಿ’, ‘ಗೊತ್ತುವಳಿ’, ‘ನಿಲುವಳಿ’ ಎಂಬ ಮೂರನ್ನು ಒಟ್ಟಿಗೆ ಇಟ್ಟು ನೋಡಬೇಕು. ಇದೇ ‘ವಳಿ’ ಪ್ರತ್ಯಯ ಸಾಗುವಳಿ, ಹಿಡುವಳಿ, ಹುಟ್ಟುವಳಿ, ತೀರುವಳಿಗಳಲ್ಲಿದೆ. ಇವು ಜಮೀನು ಮತ್ತು ಲೆಕ್ಕದ ಶಬ್ದಗಳು, ಶಾನುಭೋಗರ ಕಡತದ ಶಬ್ದಗಳು. ಶಾಸನಸಭೆ ಬಂದಾಗ ಕನ್ನಡಕ್ಕೆ ಹತ್ತಿರದಲ್ಲಿದ್ದ ಬರಹದ ಗದ್ಯವೆಂದರೆ ಕಂದಾಯ ಇಲಾಖೆಯ ಗದ್ಯ. ಹೊಸ ಸಂಸ್ಥೆಯ ಹೆಸರುಗಳು ಆ ಅಚ್ಚಿನಲ್ಲಿಯೇ ಎರಕಗೊಂಡವು ಎಂಬುದು ನಮ್ಮ ಊಹೆ. ರೂಪರಚನೆಯ ದೃಷ್ಟಿಯಿಂದ ‘ಗೊತ್ತುವಳಿ’ ಈ ಸಂಸಾರದಲ್ಲಿ ಸ್ವಲ್ಪ ಹೊರಗಿನದು. ಸಾಗು, ಹಿಡಿ, ಹುಟ್ಟು, ತೀರು, ನಡೆ, ನಿಲ್ಲು ಇವೆಲ್ಲ ಧಾತುಗಳು. ‘ಗೊತ್ತು’ ಧಾತುವಲ್ಲ, ನಿಶ್ಚಿತವಾದದ್ದು, ಗೊತ್ತುಪಡಿಸಿದ್ದು ಎಂಬರ್ಥದ ನಾಮ. ನಾಮಕ್ಕೆ ‘ವಳಿ’ ಹತ್ತಿದ್ದು ಪ್ರತ್ಯಯ ಆ ಹೊತ್ತಿಗೆ ಎಷ್ಟು ಸ್ವತಂತ್ರವಾಗಿ ಓಡಾಡುತ್ತಿತ್ತು ಎಂಬುದಕ್ಕೆ ಸಾಕ್ಷಿ. ‘ನಿಲುವಳಿ ಸೂಚನೆ’ಯ ಜಾಗದಲ್ಲಿ ಹಿಂದಿಯಲ್ಲಿ ‘ಸ್ಥಗನ ಪ್ರಸ್ತಾವ’ವಿದೆ. ನಿಲುವಳಿಯೇ ನಮಗೆ ಹೆಚ್ಚು ಇಷ್ಟವಾಗುತ್ತದೆಂದು ಹೇಳಿದರೆ ಅದು ವೈಜ್ಞಾನಿಕ ತೀರ್ಪಲ್ಲ, ರುಚಿಯ ಮಾತು.

‘ಕ್ರಿಯಾಲೋಪ’ದ ಮೂಲ ಬೇರೆ. ಸದಸ್ಯರು ನಿಯಮದ ಉಲ್ಲಂಘನೆಯನ್ನು ಎತ್ತಿ ತೋರಿಸುವ ಸೂಚನೆಗೆ ಹಿಂದಿಯಲ್ಲಿ ‘ವ್ಯವಸ್ಥೆಯ ಪ್ರಶ್ನೆ’ ಎಂಬರ್ಥದ ಪದವಿದ್ದರೆ, ಕನ್ನಡ ಆರಿಸಿಕೊಂಡದ್ದು ಪೂಜಾವಿಧಿಯ ಪದವನ್ನು. ಪೂಜೆಯ ಕೊನೆಯಲ್ಲಿ ಮಂತ್ರಲೋಪ, ಕ್ರಿಯಾಲೋಪಗಳಿಗಾಗಿ ಕ್ಷಮೆ ಕೇಳುವ ವಾಡಿಕೆ ಎಲ್ಲರಿಗೂ ತಿಳಿದದ್ದೇ. ಕಾರ್ಯವಿಧಾನವೆಂದರೆ ತಪ್ಪಿದರೆ ಫಲ ಕೆಡುವ ಕ್ರಿಯೆ ಎಂಬ ತಿಳಿವಳಿಕೆ ಆ ಒಂದು ಆಯ್ಕೆಯಲ್ಲಿದೆ. ‘ಚುಕ್ಕೆ ಗುರುತಿನ ಪ್ರಶ್ನೆ’ಯದು ಇನ್ನೊಂದು ಸೊಗಸು. ಉತ್ತರ ಕರ್ನಾಟಕದ ಆಡುನುಡಿಯಲ್ಲಿ ಚುಕ್ಕಿಯೆಂದರೆ ಆಕಾಶದ ನಕ್ಷತ್ರವೂ ಹೌದು, ರಂಗೋಲಿಯ ಬಿಂದುವೂ ಹೌದು. ಕರಾವಳಿಯವರಿಗೆ ಅದು ಬಿಂದು ಮಾತ್ರ. ಅನುವಾದ ಯಾರಿಗೆ ಸರಿಯಾಗಿ ಕೇಳಿಸುತ್ತದೆ ಎಂಬುದು ಊರಿನ ಮೇಲೆ ನಿಂತಿದೆ.

ಸದನದ ಪರಿಭಾಷೆಯಿಂದ ಕುಂದಾಪುರ ಸೀಮೆಯ ಮನೆಮನೆಗೆ ತಲುಪಿದ ಶಬ್ದ ಒಂದೇ ಒಂದು. ಅದು ‘ಮಸೂದೆ’. ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿದಾರರು 7ನೆಯ ನಮೂನೆಯಲ್ಲಿ ‘ಡಿಕ್ಲರೇಷನ್’ ಸಲ್ಲಿಸಿ, ಭೂನ್ಯಾಯ ಮಂಡಳಿಗಳ ಮುಂದೆ ನಿಂತು ಉಳುವ ಭೂಮಿಯ ಒಡೆಯರಾದದ್ದು ಈ ಕರಾವಳಿಯ ಇತ್ತೀಚಿನ ಚರಿತ್ರೆಯ ಅತಿ ದೊಡ್ಡ ಪಲ್ಲಟ. ಮೂಲಗೇಣಿ, ಚಾಲಗೇಣಿಗಳ ಲೋಕವೇ ಅದರಿಂದ ಮುಗಿಯಿತು. ಜನ ಅದನ್ನು ಇಂದಿಗೂ ಕರೆಯುವುದು ‘ಭೂಮಸೂದೆ’ ಎಂದು. ‘ಮಸೂದೆಯಲ್ಲಿ ಬಂದ ಜಾಗ’, ‘ಮಸೂದೆಯಲ್ಲಿ ಹೋದ ಗದ್ದೆ’ ಎಂಬ ಮಾತುಗಳು ಈಗಲೂ ಸಾಮಾನ್ಯ. ಕಾರ್ಯವಿಧಾನದ ಪ್ರಕಾರ ಮಸೂದೆಯಿಂದ ಯಾರಿಗೂ ಒಂದು ಸೆಂಟ್ಸ್ ಜಾಗವೂ ಬರುವುದಿಲ್ಲ. ಮಂಡನೆ, ಪರ್ಯಾಲೋಚನೆ, ಅಂಗೀಕಾರ, ಅಂಕಿತಗಳನ್ನು ದಾಟಿ ಅದು ಅಧಿನಿಯಮವಾಗಬೇಕು. ಶಬ್ದದ ಮೂಲ ಅರಬ್ಬಿಯ ‘ಕಪ್ಪು’ ಎಂಬರ್ಥದ ಧಾತು. ಮಸಿಯಿಂದ ಕಪ್ಪಾದ ಕರಡು ಎಂಬುದು ಅದರ ಅರ್ಥ. ಕರಡಿನ ಹೆಸರೇ ಕಾನೂನಿನ ಹೆಸರಾಗಿ ನಿಂತದ್ದೇಕೆ?

ನಾವು ಕೊಡಬಹುದಾದ ವಿವರಣೆ ಇದು. ಕಾಯಿದೆಗಳು ಸಾಮಾನ್ಯವಾಗಿ ಜನರನ್ನು ತಲುಪುವುದು ಮುಗಿದ ವಸ್ತುವಾಗಿ, ಕಚೇರಿಯ ನೋಟಿಸಿನಲ್ಲಿ. ಇದು ಮಾತ್ರ ಚರ್ಚೆಯಲ್ಲಿರುವಾಗಲೇ ತಲುಪಿತು. ಬರುತ್ತದೆಯಂತೆ, ಬರುವುದಿಲ್ಲವಂತೆ, ಬಂದರೆ ಯಾರ ಗದ್ದೆ ಯಾರಿಗೆ ಎಂಬ ಆತಂಕ ಮತ್ತು ಆಸೆಯ ಕಾಲದಲ್ಲಿ ಹತ್ತಿಕೊಂಡ ಹೆಸರು, ಅದು ಕಾನೂನಾದ ಮೇಲೂ ಬಿಡಲಿಲ್ಲ. ಒಂದು ಸೀಮೆಯ ಜನ ಶಾಸನಸಭೆಯ ದಿನಚರಿಯನ್ನು ಉಸಿರು ಬಿಗಿಹಿಡಿದು ಗಮನಿಸಿದ್ದಕ್ಕೆ ಇಷ್ಟು ಸ್ಪಷ್ಟವಾದ ಪದಸಾಕ್ಷಿ ಬೇರೊಂದು ನಮಗೆ ಕಂಡಿಲ್ಲ. ಸದನದ ಪರಿಭಾಷೆ ‘ವಿಧೇಯಕ’ದ ಕಡೆಗೆ ಸರಿದರೂ ಕುಂದಾಪುರದ ಗದ್ದೆಯಲ್ಲಿ ಮಸೂದೆ ಮಸೂದೆಯಾಗಿಯೇ ಇದೆ.

ಪೀಠ, ರಂಗಸ್ಥಳ

ಸಭೆ ಎಂಬುದೇ ಈ ಸೀಮೆಗೆ ಹೊಸದಲ್ಲ. ಬಾರಕೂರಿನ ಹತ್ತು ಕೇರಿಗಳೂ ಬಸರೂರಿನ ಪಡುವಕೇರಿ, ಮೂಡುಕೇರಿಗಳ ‘ಹಲರು’ ಎಂಬ ಸಂಘಗಳೂ ವಿಜಯನಗರ ಕಾಲದ ಶಾಸನಗಳಲ್ಲಿ ಕಾಣುತ್ತವೆ. ‘ಹಲವರು’ ಎಂಬ ಬಹುವಚನವೇ ಸಂಸ್ಥೆಯ ಹೆಸರಾಗಿರುವುದು ಗಮನಾರ್ಹ. ಅದನ್ನು ಇಂದಿನ ಪ್ರಜಾಪ್ರಭುತ್ವದ ಪೂರ್ವರೂಪವೆಂದು ಕೊಂಡಾಡುವುದು ಮಾತ್ರ ಸಲ್ಲದು, ಅವು ವರ್ತಕರ ಕೂಟಗಳು.

ಸದನದ ಭಾಷೆಗೆ ಹತ್ತಿರದ ತಾಲೀಮು ಈ ಸೀಮೆಯವರಿಗೆ ಸಿಗುವುದು ಬೇರೆಡೆ. ಮನೆಯಲ್ಲಿ ‘ಹೋಯ್ಕ್’, ‘ಮಾಡ್ಕ್’ ಎನ್ನುವವರು ಯಕ್ಷಗಾನದ ರಂಗಸ್ಥಳದಲ್ಲಿ, ತಾಳಮದ್ದಳೆಯಲ್ಲಿ ‘ಹೋಗಬೇಕು’, ‘ಮಾಡಬೇಕು’ ಎನ್ನುವುದನ್ನು ಬಾಲ್ಯದಿಂದ ಕೇಳುತ್ತಾರೆ. ‘ಬೇಕು’ ಎಂಬುದು ಒಂದೇ ವ್ಯಂಜನಕ್ಕೆ ಇಳಿಯುವುದು, ಪದಾಂತ್ಯದ ಎಕಾರ ಇಕಾರವಾಗುವುದು (ಮನಿ, ಭಾಷಿ), ಪದಾಂತ್ಯದ ಉಕಾರ ಬಿದ್ದುಹೋಗುವುದು (ಬದ್ಕ್), ಹಳಗನ್ನಡದ ‘ಪೋಪ’, ‘ಬಪ್ಪ’ಗಳನ್ನು ನೆನಪಿಸುವ ‘ಹೋಪುದು’, ‘ಬಪ್ಪುದು’ಗಳು ಉಳಿದುಕೊಂಡಿರುವುದು, ಇವೆಲ್ಲ ಮನೆಯ ಮಾತಿನ ಲಕ್ಷಣಗಳು. ರಂಗದ ಮಾತಿನಲ್ಲಿ ಅವುಗಳಿಗೆ ಪ್ರವೇಶವಿಲ್ಲ, ಹಾಸ್ಯಗಾರನ ಬಾಯಿಯ ಹೊರತು. ಅಲ್ಲಿ ಗಂಭೀರ ಪಾತ್ರಗಳು ಬರಹದ ಕನ್ನಡವನ್ನು ಬರಹವಿಲ್ಲದೆ, ಆ ಕ್ಷಣದಲ್ಲಿ ಹುಟ್ಟಿಸಿ ವಾದಿಸುತ್ತವೆ. ಭಾಗವತರ ತಾಳದ ಅಂಕೆಯಲ್ಲಿ ಸರದಿ ತಪ್ಪದೆ ಮಾತನಾಡುವುದು, ಎದುರಾಳಿಯ ಪದವನ್ನೇ ಹಿಡಿದು ತಿರುಗಿಸುವುದು, ಗೌರವವಾಚಕ ಬಿಡದೆ ಕಟಕಿಯಾಡುವುದು ಇವು ತಾಳಮದ್ದಳೆಯ ಕಸುಬು. ಕರಾವಳಿಯ ಶಾಸಕರಿಗೆ ಸದನದ ಕನ್ನಡ ಸುಲಭವಾಗಿ ಒಲಿಯುವುದಕ್ಕೆ ಶಾಲೆಯೊಂದೇ ಕಾರಣವಲ್ಲ ಎಂದು ನಾವು ಭಾವಿಸುತ್ತೇವೆ.

2018ರ ಡಿಸೆಂಬರಿನಲ್ಲಿ ವಿಧಾನ ಪರಿಷತ್ತಿನ ಸಭಾಪತಿಯಾದವರು ಕುಂದಾಪುರದಿಂದ ಹಿಂದೆ ನಾಲ್ಕು ಬಾರಿ ವಿಧಾನಸಭೆಗೆ ಆರಿಸಿಬಂದಿದ್ದ ಕೆ. ಪ್ರತಾಪಚಂದ್ರ ಶೆಟ್ಟಿ. ಆಗ ವಿರೋಧ ಪಕ್ಷದ ನಾಯಕರಾಗಿದ್ದವರು ಈಗಿನ ಬ್ರಹ್ಮಾವರ ತಾಲ್ಲೂಕಿನ ಕೋಟದವರಾದ ಕೋಟ ಶ್ರೀನಿವಾಸ ಪೂಜಾರಿ. 2024ರಲ್ಲಿ ಅವರು ಲೋಕಸಭೆಗೆ ಹೋದರು. ಕೆಲವು ತಿಂಗಳ ಕಾಲ ರಾಜ್ಯದ ಮೇಲ್ಮನೆಯಲ್ಲಿ ಪೀಠವೂ ಅದರೆದುರಿನ ಮೊದಲ ಧ್ವನಿಯೂ ಒಂದೇ ಉಪಭಾಷಾ ಸೀಮೆಯವಾಗಿದ್ದವು. ಊರಿನ ಬಸ್ ನಿಲ್ದಾಣದಲ್ಲಿ ಎದುರಾದರೆ ‘ಹ್ವಾಯ್’ ಎಂಬ ಒಂದು ಗೌರವದ ಕರೆಯಲ್ಲಿ ಮುಗಿಯಬಹುದಾದ ಸಂಬೋಧನೆ ಇಲ್ಲಿ ‘ಮಾನ್ಯ ಸಭಾಪತಿಗಳೇ’ ಎಂದೇ ಆಗಬೇಕು. ಸದನದಲ್ಲಿ ಸದಸ್ಯರು ಮಾತನಾಡುವುದು ಪೀಠದೊಡನೆ ಮಾತ್ರ. ಪಕ್ಕದ ಊರಿನವರಾದರೂ ಪರಸ್ಪರ ಪ್ರಥಮ ಪುರುಷದಲ್ಲಿ ಉಲ್ಲೇಖಿಸಬೇಕು. ಉಪಭಾಷೆಯ ಆತ್ಮೀಯತೆ ಬಾಳುವುದು ಮಧ್ಯಮ ಪುರುಷದಲ್ಲಿ. ಅದನ್ನು ಕಾರ್ಯವಿಧಾನವೇ ತೆಗೆದುಹಾಕಿದ ಮೇಲೆ ಆಡುನುಡಿಗೆ ಕಾಲಿಡಲು ಜಾಗ ಉಳಿಯುವುದಿಲ್ಲ.

ಕೃತ್ಯವಾಚಕ ಉಕ್ತಿಗಳ ಅಧ್ಯಯನಕ್ಕೆ 2020ರ ಡಿಸೆಂಬರ್ 15 ಒಂದು ಕಠಿಣ ಉದಾಹರಣೆಯನ್ನು ಒದಗಿಸಿತು. ಅವಿಶ್ವಾಸ ಸೂಚನೆಯ ವಿವಾದದ ನಡುವೆ ಸಭಾಪತಿಗಳು ಬರುವ ಮೊದಲೇ ಉಪಸಭಾಪತಿಗಳು ಪೀಠದಲ್ಲಿ ಕುಳಿತರು, ಅವರನ್ನು ಎಳೆದಿಳಿಸಲಾಯಿತು, ಗದ್ದಲದ ನಂತರ ಸಭಾಪತಿಗಳು ಸದನವನ್ನು ಅನಿರ್ದಿಷ್ಟ ಕಾಲ ಮುಂದೂಡಿದರು. ರಾಜಕೀಯದ ಸರಿತಪ್ಪು ನಮ್ಮ ವಿಷಯವಲ್ಲ. ‘ಸದನವನ್ನು ಮುಂದೂಡಲಾಗಿದೆ’ ಎಂಬ ವಾಕ್ಯಕ್ಕೆ ಕರ್ತೃವಿಲ್ಲ, ಅದು ಕರ್ಮಣಿ; ಆದರೂ ಅದು ಫಲಿಸುವುದು ಯಾರು ಎಲ್ಲಿ ಕೂತು ಹೇಳಿದರು ಎಂಬುದರಿಂದ ಮಾತ್ರ. ವಾಕ್ಯದಿಂದ ಅಳಿಸಿದ ಕರ್ತೃವಿಗಾಗಿಯೇ ಅಂದು ಎಳೆದಾಟ ನಡೆಯಿತು.

ಹೆಸರಿಲ್ಲದ್ದಕ್ಕೆ ಅನುಮತಿ

2023ರ ಜುಲೈನಲ್ಲಿ ವಿಧಾನಸಭೆಯಲ್ಲಿ ತುಳುವಿಗೆ ಅಧಿಕೃತ ಭಾಷೆಯ ಸ್ಥಾನಮಾನದ ವಿಷಯ ಬಂದಾಗ ಪುತ್ತೂರಿನ ಶಾಸಕರು ತುಳುವಿನಲ್ಲಿ ಮಾತನಾಡಿದರು, ಪೀಠದಲ್ಲಿದ್ದ ಯು.ಟಿ. ಖಾದರ್ ತುಳುವಿನಲ್ಲಿಯೇ ಪ್ರತಿಕ್ರಿಯಿಸಿದರು. ತುಳು ಎಂಟನೆಯ ಪರಿಚ್ಛೇದದಲ್ಲಿಲ್ಲದಿದ್ದರೂ ಅದಕ್ಕೊಂದು ಹೆಸರಿದೆ. ಹೆಸರಿರುವುದರಿಂದ ಅದು 210ನೆಯ ಅನುಚ್ಛೇದದ ‘ತಾಯ್ನುಡಿ’ಯಾಗಬಲ್ಲದು, ಅನುಮತಿ ಕೇಳಬಲ್ಲದು, ನಿರಾಕರಣೆಯನ್ನೂ ಪಡೆಯಬಲ್ಲದು. ಬ್ರಹ್ಮಾವರದ ಆಸುಪಾಸಿನಲ್ಲಿ ತುಳುವಿನ ಸೀಮೆ ಮುಗಿದು ಕುಂದಾಪ್ರ ಕನ್ನಡ ಆರಂಭವಾಗುತ್ತದೆ. ಅಲ್ಲಿ ಎರಡನ್ನೂ ಆಡುವ ಮನೆಗಳಿವೆ. ಅಂಥ ಮನೆಯ ಶಾಸಕರೊಬ್ಬರು ತಮ್ಮ ಒಂದು ಮಾತಿಗೆ ಅನುಮತಿ ಬೇಡಬಹುದು. ಇನ್ನೊಂದಕ್ಕೆ ಬೇಡುವಂತಿಲ್ಲ, ಏಕೆಂದರೆ ದಾಖಲೆಯ ಮಟ್ಟಿಗೆ ಅದು ಕನ್ನಡವೇ. ರಾಜಭಾಷೆಗೆ ಅನುಮತಿಯ ಅಗತ್ಯವಿಲ್ಲ. ನಿಯಮ ಅದನ್ನು ತಡೆಯುವುದಿಲ್ಲ. ತಡೆಯುವುದು ನಗೆ.

ಈಚಿನ ವರ್ಷಗಳಲ್ಲಿ ಆಸಾಡಿ ಅಮಾವಾಸ್ಯೆಯಂದು ವಿಶ್ವ ಕುಂದಾಪ್ರ ಕನ್ನಡ ದಿನ ಆಚರಣೆಗೊಳ್ಳುತ್ತಿದೆ; ‘ಭಾಷಿ ಅಲ್ಲ ಬದ್ಕ್’ ಎಂಬುದು ಅದರ ಘೋಷವಾಕ್ಯ. ಅಭಿಮಾನ ಬೆಳೆದರೆ ಆ ಮಾತು ಒಂದು ದಿನ ಸದನದಲ್ಲಿಯೂ ನಿಸ್ಸಂಕೋಚವಾಗಿ ಕೇಳಿಬರಬಹುದು. ಆಗ ಶೀಘ್ರಲಿಪಿಗಾರರು ಅದನ್ನು ಏನೆಂದು ಬರೆಯುತ್ತಾರೆ? ‘ಮರವಂತಿಗ್ ಬಂದರ್ ಆಯ್ಕ್’ ಎಂಬ ವಾಕ್ಯ ‘ಮರವಂತೆಗೆ ಬಂದರು ಆಗಬೇಕು’ ಎಂದು ಅಚ್ಚಾದರೆ ಅದನ್ನು ಅನುವಾದವೆನ್ನಬೇಕೋ ತಿದ್ದುಪಡಿಯೆನ್ನಬೇಕೋ? ಅಲ್ಲಿ ನಕ್ಷತ್ರವೂ ಇರುವುದಿಲ್ಲ, ಅಡಿಟಿಪ್ಪಣಿಯೂ ಇರುವುದಿಲ್ಲ. ಲೋಕಸಭೆಯ ಸಂಪುಟ ಕನ್ನಡವನ್ನು ಕಳೆದುಕೊಂಡಾಗ ಕನಿಷ್ಠ ಕಳೆದುಕೊಂಡೆನೆಂದು ಹೇಳುತ್ತದೆ.

ಸಂಶೋಧನ ವಿದ್ಯಾರ್ಥಿಗಳಿಗೆ ಇಲ್ಲಿ ಕೈಗೆ ನಿಲುಕುವ ಕೆಲಸವಿದೆ. 2006ರಿಂದ ಲೋಕಸಭೆಯ ಕಲಾಪ ಸಂಸತ್ತಿನದೇ ವಾಹಿನಿಯಲ್ಲಿ ನೇರ ಪ್ರಸಾರವಾಗುತ್ತಿದೆ. ಕನ್ನಡದ ಭಾಷಣಗಳ ಧ್ವನಿಮುದ್ರಿಕೆಯನ್ನು ಹಿಡಿದು, ಮುದ್ರಿತ ಇಂಗ್ಲಿಷ್ ಪಾಠವನ್ನು ಪಕ್ಕದಲ್ಲಿಟ್ಟು, ಸಾಲಿಗೆ ಸಾಲು ಜೋಡಿಸುವುದು ಮೊದಲ ಹಂತ. ಲಿಪ್ಯಂತರದಲ್ಲಿ ಪದಾಂತ್ಯದ ಸ್ವರಗಳನ್ನು ಕೇಳಿಸಿದಂತೆಯೇ ಬರೆಯಬೇಕು. ‘ಮನೆ’ಯೋ ‘ಮನಿ’ಯೋ ಎಂಬುದನ್ನು ಬರೆಯುವವರ ಶಾಲೆ ನಿರ್ಧರಿಸಬಾರದು. 1967ರಿಂದ 2006ರವರೆಗಿನ ಸುಮಾರು ನಾಲ್ಕು ದಶಕಗಳ ಕನ್ನಡಕ್ಕೆ ಮುದ್ರಿತ ಸಂಪುಟದಲ್ಲಿ ಸಿಗುವುದು ಇಂಗ್ಲಿಷ್ ಪಾಠ ಮತ್ತು ಪುಟದ ಅಡಿಯ ಆ ಒಂದು ಸಾಲು. ಯಾವ ಪುಟಗಳಲ್ಲಿ ಆ ಸಾಲಿದೆ, ಯಾರ ಹೆಸರಿನ ಪಕ್ಕದಲ್ಲಿ, ಯಾವ ನಿಯಮದಡಿ, ದಿನದ ಯಾವ ಹೊತ್ತಿನಲ್ಲಿ ಎಂದು ಪಟ್ಟಿ ಮಾಡುವುದರಿಂದ ಆರಂಭಿಸಬಹುದು.